ನವಮಿಯಿಂದ ಹುಣ್ಣಿಮೆಗೆ: ಕಡಿಮೆ ಕಾಸಿನ ಬೆಂಗಳೂರು

ಬೆಂಗಳೂರಿನಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಐನೂರು ರೂಪಾಯಿ ಹೋಯಿತೆಂದೇ ಲೆಕ್ಕ ಎನ್ನುವವರು ವರ್ಷದಲ್ಲಿ ಒಂದು ವಾರವನ್ನಾದರೂ ಆ ಲೆಕ್ಕದಿಂದ ಹೊರಗಿಡಬೇಕು. ಚೈತ್ರ ಶುದ್ಧ ನವಮಿಯಂದು ರಾಮನವಮಿ. ಅಲ್ಲಿಂದ ಹುಣ್ಣಿಮೆಗೆ ಆರೇ ದಿನ; ಆ ರಾತ್ರಿ ಪೇಟೆಯಲ್ಲಿ ಕರಗ. ಈ ಎರಡರ ನಡುವೆ ನಗರದಲ್ಲಿ ಸಂಗೀತ, ನಾಟಕ, ಚಿತ್ರ, ತಿಂಡಿ ಎಲ್ಲವೂ ಸಿಗುತ್ತವೆ. ಬಹುಪಾಲು ಪುಕ್ಕಟೆ, ಉಳಿದದ್ದು ಜೇಬಿಗೆ ನೋವಾಗದ ದರದಲ್ಲಿ.

ಈ ವಾರ ಶುರುವಾಗುವುದೇ ಬೀದಿಯಲ್ಲಿ. ನವಮಿಯ ದಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ರಾಜಾಜಿನಗರ, ಜಯನಗರಗಳ ಯಾವ ರಸ್ತೆಯಲ್ಲಿ ಹೊರಟರೂ ಮೂಲೆಗೊಂದು ಶಾಮಿಯಾನ, ಅದರಡಿ ಒಂದು ರಾಮನ ಪಟ, ಪಕ್ಕದಲ್ಲಿ ಪಾನಕದ ಡ್ರಮ್ಮು. ಬೆಲ್ಲ ಕರಗಿಸಿದ ನೀರಿಗೆ ಕುಟ್ಟಿದ ಮೆಣಸು, ಏಲಕ್ಕಿ, ಒಣಶುಂಠಿ, ಮೇಲೊಂದಿಷ್ಟು ನಿಂಬೆರಸ. ಮೆಣಸು ಜಾಸ್ತಿಯಾದ ಕಡೆ ಗಂಟಲು ಚುರುಗುಟ್ಟುತ್ತದೆ, ಬೆಲ್ಲ ಜಾಸ್ತಿಯಾದ ಕಡೆ ಮಕ್ಕಳ ಸಾಲು ಉದ್ದವಾಗುತ್ತದೆ. ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಕೊತ್ತಂಬರಿ ಸೊಪ್ಪು, ಸಾಸಿವೆ ಒಗ್ಗರಣೆ ಕೂಡಿದ ಕೋಸಂಬರಿ ದೊನ್ನೆಯಲ್ಲಿ ಬರುತ್ತದೆ. ಇಂಗು ಕರಿಬೇವಿನ ನೀರುಮಜ್ಜಿಗೆ ಬೇರೆ. ಮಾರ್ಚ್ ಕೊನೆ, ಏಪ್ರಿಲ್ ದಿನಗಳ ಬಿಸಿಲಿಗೆ ಇದಕ್ಕಿಂತ ಹೊಂದುವ ಊಟೋಪಚಾರ ಇನ್ನೊಂದಿಲ್ಲ. ಯಾರ ಮನೆಯವರು, ಯಾವ ಜಾತಿ, ಯಾವ ಬಡಾವಣೆ ಎಂದು ಯಾರೂ ಕೇಳುವುದಿಲ್ಲ. ಆಟೊ ನಿಲ್ಲಿಸಿ ಕುಡಿದು ಹೋಗುವವರಿದ್ದಾರೆ; ಆಹಾರ ತಲುಪಿಸುವ ಹುಡುಗರು ಬೈಕಿನ ಮೇಲೆ ಕೂತೇ ಲೋಟಕ್ಕೆ ಕೈ ಚಾಚುತ್ತಾರೆ.

ಪಾನಕ ಕುಡಿದ ಮೇಲೆ ಸಂಗೀತ. ಮದರಾಸಿಗೆ ಡಿಸೆಂಬರ್ ಹೇಗೋ ಬೆಂಗಳೂರಿಗೆ ರಾಮನವಮಿ ಹಾಗೆ ಎಂದು ಸಂಗೀತದವರು ಹೇಳುವುದುಂಟು. ಒಂದು ವ್ಯತ್ಯಾಸವಿದೆ. ಅಲ್ಲಿ ಕಚೇರಿ ನಡೆಯುವುದು ಹೆಚ್ಚಾಗಿ ಸಭಾಗಳ ಒಳಗೆ, ಇಲ್ಲಿ ಪೆಂಡಾಲಿನ ಕೆಳಗೆ. ಪೆಂಡಾಲಿಗೆ ಗೋಡೆಯಿಲ್ಲ. ಗೋಡೆಯಿಲ್ಲದ ಕಡೆ ಸಂಗೀತವನ್ನು ಟಿಕೆಟ್ ಕೊಂಡವರಿಗೆ ಮಾತ್ರ ಎಂದು ಕಟ್ಟಿಹಾಕುವುದು ಕಷ್ಟ.

ಇದರ ದೊಡ್ಡ ಉದಾಹರಣೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನ. ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಎಂದರೆ ಜನರಿಗೆ ನೆನಪಾಗುವುದು ಆ ಶಾಲೆಯ ಅಂಗಳವೇ. 1939ರಲ್ಲಿ ಇದನ್ನು ಆರಂಭಿಸಿದವರು ಎಸ್.ವಿ. ನಾರಾಯಣಸ್ವಾಮಿ ರಾವ್. ಆಗ ಅವರಿನ್ನೂ ಮೀಸೆ ಮೂಡದ ಹುಡುಗ. ಓಣಿಯ ಹುಡುಗರು ಗಣಪತಿ ಕೂರಿಸುವ ಉತ್ಸಾಹದಲ್ಲಿ ಹುಟ್ಟಿದ ಹಬ್ಬ ವರ್ಷದಿಂದ ವರ್ಷಕ್ಕೆ ಬೆಳೆದು, ಸುಮಾರು ಒಂದು ತಿಂಗಳು ನಡೆಯುವ ಉತ್ಸವವಾಯಿತು. ಚೌಡಯ್ಯ, ಚೆಂಬೈ, ಸೆಮ್ಮಂಗುಡಿ, ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ ಇವರೆಲ್ಲ ಹಾಡಿ ನುಡಿಸಿದ ವೇದಿಕೆ ಇದು. ಕರ್ನಾಟಕ ಸಂಗೀತಕ್ಕಷ್ಟೇ ಸೀಮಿತವಾಗದೆ ಹಿಂದೂಸ್ತಾನಿ ಗಾಯಕರನ್ನೂ ಕರೆಸಿ, ಗದುಗಿನ ಭೀಮಸೇನ ಜೋಶಿಯವರ ದನಿಯನ್ನು ಚಾಮರಾಜಪೇಟೆಗೆ ಕೇಳಿಸಿದ್ದೂ ಈ ಮಂಡಳಿಯೇ.

ದೊಡ್ಡ ಹೆಸರಿನ ಕಚೇರಿಗಳಿಗೆ ಇಲ್ಲಿ ಟಿಕೆಟ್ ಇರುತ್ತದೆ. ಆದರೆ ಕಾಸು ಕೊಡಲಾಗದವರು ಪಾದಚಾರಿ ಮಾರ್ಗದಲ್ಲಿ ಪತ್ರಿಕೆ ಹಾಸಿಕೊಂಡು ಕೂತು, ಧ್ವನಿವರ್ಧಕದಲ್ಲಿ ಬಂದಷ್ಟನ್ನು ಕೇಳಿ ಎದ್ದು ಹೋಗುವ ಪದ್ಧತಿ ಬಹಳ ಹಳೆಯದು. ಹೊರಗೆ ಕೂತವರೆಂದರೆ ಸಂಗೀತ ತಿಳಿಯದವರೆಂದು ಯಾರೂ ಭಾವಿಸಬೇಕಾಗಿಲ್ಲ. ರಾಗ ಯಾವುದೆಂದು ಮೊದಲು ಪತ್ತೆ ಹಚ್ಚುವವರು ಎಷ್ಟೋ ಸಲ ಬೀದಿಯವರೇ. ತಾಳವಾದ್ಯದವರ ಸರದಿಯಾದ ತನಿ ಆವರ್ತನ ಶುರುವಾದೊಡನೆ ಕಾಫಿಗೆ ಎದ್ದು ಹೋಗುವ ಚಟ ಒಳಗಿನವರದು. ಮೃದಂಗದವರ ಪಾಲಿಗೆ ಇದು ಎಷ್ಟು ಹಳೆಯ ನೋವೆಂದರೆ ಈಗ ಅವರೇ ಅದನ್ನು ಹೇಳಿಕೊಂಡು ನಗುತ್ತಾರೆ.

ಈ ಒಂದೇ ಮೈದಾನದಲ್ಲಿ ಉತ್ಸವ ಮುಗಿಯುವುದಿಲ್ಲ. ಮಲ್ಲೇಶ್ವರ, ಶೇಷಾದ್ರಿಪುರ, ರಾಜಾಜಿನಗರ, ಜಯನಗರಗಳ ದೇವಸ್ಥಾನ, ಶಾಲೆ, ಉದ್ಯಾನಗಳಲ್ಲಿ ಚಿಕ್ಕ ಸಮಿತಿಗಳ ಕಚೇರಿಗಳು ಸಂಜೆ ಆರರ ಹೊತ್ತಿಗೆ ಆರಂಭವಾಗುತ್ತವೆ. ಅಲ್ಲಿ ಪ್ರವೇಶ ಸಾಮಾನ್ಯವಾಗಿ ಉಚಿತ. ನಿಜ ಹೇಳಬೇಕೆಂದರೆ ಹೊಸಬರಿಗೆ ಈ ಚಿಕ್ಕ ಕಚೇರಿಗಳೇ ಮೇಲು. ನೂರಿನ್ನೂರು ಪ್ಲಾಸ್ಟಿಕ್ ಕುರ್ಚಿ, ಹತ್ತಿರದಲ್ಲೇ ವೇದಿಕೆ. ಪಿಟೀಲಿನವರು ಗಾಯಕರ ಸಂಗತಿಯನ್ನು ಮರುನುಡಿಸುವಾಗ ಇಬ್ಬರ ನಡುವೆ ಓಡಾಡುವ ನಗೆಯೂ ಕಾಣುತ್ತದೆ. ನಾಳೆ ದೊಡ್ಡವರಾಗುವ ಕಲಾವಿದರು ಇಂದು ಹಾಡುತ್ತಿರುವುದು ಇಂಥ ಕಡೆಯೇ.

ಇಷ್ಟೆಲ್ಲ ಪುಕ್ಕಟೆ ಹೇಗೆ ಸಾಧ್ಯ? ಕಚೇರಿ ಎಂದರೆ ಸಂಭಾವನೆ, ಪೆಂಡಾಲು, ಮೈಕು, ವಿದ್ಯುತ್ತು, ಊರಾಚೆಯ ಕಲಾವಿದರಾದರೆ ಪ್ರಯಾಣ ಮತ್ತು ವಸತಿ, ಎಲ್ಲವೂ ಖರ್ಚೇ. ಆ ಖರ್ಚನ್ನು ಕೇಳುಗ ಕೊಡದಿದ್ದರೆ ಇನ್ಯಾರೋ ಕೊಟ್ಟಿರುತ್ತಾರೆ. ಬ್ಯಾಂಕು, ಬೆಳ್ಳಿ ಅಂಗಡಿ, ಅಗರಬತ್ತಿ ಕಂಪನಿಗಳ ಬ್ಯಾನರು ವೇದಿಕೆಯ ಹಿಂದೆ ತೂಗುವುದು ಅದಕ್ಕೇ. ಆದರೆ ಬ್ಯಾನರು ಕಟ್ಟುವವರು ಬರುವುದು ಸಮಿತಿ ಹೆಸರು ಮಾಡಿದ ಮೇಲೆ. ಅದಕ್ಕೆ ಮುಂಚೆ ಇದ್ದದ್ದು ರಸೀದಿ ಪುಸ್ತಕ: ಬೀದಿಯ ನಿವೃತ್ತ ನೌಕರರು ಮನೆಮನೆಗೆ ಹೋಗಿ ಎತ್ತಿದ ಚಂದಾ, ಕಿರಾಣಿ ಅಂಗಡಿಯವರು ಕೊಟ್ಟ ಬೆಲ್ಲದ ಮೂಟೆ, ಸಾಲು ಮನೆಗಳಲ್ಲಿ ರಾತ್ರಿಯೇ ನೆನೆಹಾಕಿದ ಹೆಸರುಬೇಳೆ. ಬೆಂಗಳೂರಿನ ಅಗ್ಗದ ಸಂಜೆಗಳು ಸರ್ಕಾರದ ಔದಾರ್ಯದಿಂದಾಗಲೀ ಮಾರುಕಟ್ಟೆಯ ಕೃಪೆಯಿಂದಾಗಲೀ ಬಂದವಲ್ಲ. ಬಡಾವಣೆಯವರು ಕೂಡಿ ಹೊತ್ತ ಖರ್ಚಿನಿಂದ ಬಂದವು.

ಸಂಗೀತದವರ ಹಳೆಯ ಬಡಾವಣೆಗಳೇ ತಿಂಡಿಯ ಬಡಾವಣೆಗಳೂ ಆಗಿರುವುದು ಈ ಊರಿನ ಪುಣ್ಯ. ಕೋಟೆ ಶಾಲೆಯಿಂದ ಸ್ವಲ್ಪ ದೂರದ ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಜೊತೆಗೆ ಕಾಫಿ. ಮೆನು ಹೆಚ್ಚುಕಡಿಮೆ ಅಷ್ಟಕ್ಕೇ ಮುಗಿಯಿತು. ಸಾಂಬಾರು ಇಲ್ಲ, ಕೂರಲು ಕುರ್ಚಿಯೂ ಇಲ್ಲ. ಚಟ್ನಿಗೆ ಮಾತ್ರ ಲೆಕ್ಕವಿಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿ ದೋಸೆಗಿಂತ ದೋಸೆಗಾಗಿ ಕಾಯುವುದೇ ಉದ್ದ. ಸಂಜೆಯಾದರೆ ಸಜ್ಜನರಾವ್ ವೃತ್ತದ ಬಳಿಯ ವಿ.ವಿ. ಪುರಂ ತಿಂಡಿಬೀದಿ ತೆರೆದುಕೊಳ್ಳುತ್ತದೆ. ಹೋಳಿಗೆ, ಪಡ್ಡು, ಅಕ್ಕಿರೊಟ್ಟಿ, ಮಸಾಲೆ ದೋಸೆ, ಬೆಣ್ಣೆ ಹಾಕಿದ ಗುಲ್ಕನ್, ಬೇಕರಿಯ ಕಾಂಗ್ರೆಸ್ ಕಡಲೆಕಾಯಿ ಬೀಜ. ಇಬ್ಬರು ಹೋಗಿ ಒಂದೊಂದು ತಟ್ಟೆಯನ್ನು ಹಂಚಿಕೊಂಡರೆ ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ. ಒಬ್ಬರೇ ಹೋಗಿ ಮೊದಲ ಅಂಗಡಿಯಲ್ಲೇ ಎರಡು ಹೋಳಿಗೆ ತಿಂದವರು ಮುಂದಿನದನ್ನೆಲ್ಲ ನೋಡಿಕೊಂಡು ಬರಬೇಕಾಗುತ್ತದೆ, ಅಷ್ಟೆ.

ಹಗಲು ಬಿಸಿಲು ಏರಿದಾಗ ಚಿತ್ರಗಳ ನೆರಳಿಗೆ ಹೋಗಬಹುದು. ಪ್ಯಾಲೇಸ್ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ತೆರೆಯಿತು. ಗಣಿ ವ್ಯಾಪಾರದಲ್ಲಿ ದುಡ್ಡು ಮಾಡಿದ ಮಾಣಿಕ್ಯವೇಲು ಮೊದಲಿಯಾರರು ಬಾಳಿದ ಮನೆ ಅದು. ಭಾರತೀಯರಿಗೆ ಪ್ರವೇಶ ಶುಲ್ಕ 20 ರೂಪಾಯಿ, ಸೋಮವಾರ ರಜೆ. ರಾಜಾ ರವಿವರ್ಮ, ಅಮೃತಾ ಶೇರ್ಗಿಲ್, ಜಾಮಿನಿ ರಾಯ್ ಇವರ ಹೆಸರು ಪಠ್ಯಪುಸ್ತಕದಲ್ಲಷ್ಟೇ ಓದಿದ ಮಕ್ಕಳಿಗೆ ಆಧುನಿಕ ಭಾರತದ ಚಿತ್ರಕಲೆ ಎಂದರೇನೆಂದು ತೋರಿಸಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿಯಿಲ್ಲ. ಮಕ್ಕಳಿಗೆ ಚಿತ್ರ ಸಾಕೆನಿಸಿದರೆ ಅಂಗಳದ ದೊಡ್ಡ ಮರಗಳಿವೆ. ಅಲ್ಲಿಂದ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ದೂರವಲ್ಲ. ಜನವರಿಯ ಚಿತ್ರಸಂತೆಯ ದಿನ ಈ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ; ಉಳಿದ ದಿನ ಗ್ಯಾಲರಿಗಳಲ್ಲಿ ಒಂದಲ್ಲ ಒಂದು ಪ್ರದರ್ಶನ ನಡೆದೇ ಇರುತ್ತದೆ, ನೋಡಲು ಕಾಸು ಕೇಳುವುದು ಅಪರೂಪ. ಕಲಾವಿದರು ಬಹಳ ಸಲ ಚಿತ್ರದ ಪಕ್ಕದಲ್ಲೇ ಇರುತ್ತಾರೆ. ಕೊಳ್ಳದಿದ್ದರೂ ಒಂದು ಪ್ರಶ್ನೆ ಕೇಳಿದರೆ ಅವರಿಗೂ ಖುಷಿ.

ನಾಟಕಕ್ಕೆ ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ಕಂಡಿದ್ದ ಕನಸನ್ನು ಅವರು ತೀರಿಕೊಂಡು ಹದಿನಾಲ್ಕು ವರ್ಷಗಳ ಮೇಲೆ, 2004ರಲ್ಲಿ, ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿ ನಿಲ್ಲಿಸಿದ ರಂಗಮಂದಿರ. ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನಿಗೆ ಕೊಡುವಷ್ಟರಲ್ಲಿ ಇಲ್ಲೊಂದು ನಾಟಕ ನೋಡಬಹುದು. ಆದರೆ ಒಂದು ಎಚ್ಚರ: ಆಟ ಆರಂಭವಾದ ಮೇಲೆ ಬಾಗಿಲು ತೆರೆಯುವುದಿಲ್ಲ. ಸಿಲ್ಕ್ ಬೋರ್ಡಿನ ದಟ್ಟಣೆಯ ಕಥೆ ಹೇಳಿದರೂ ಇಲ್ಲ, ಪರಿಚಯದವರ ಹೆಸರು ಹೇಳಿದರೂ ಇಲ್ಲ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ, ಹನುಮಂತನಗರದ ಕೆ.ಎಚ್. ಕಲಾಸೌಧಗಳಲ್ಲಿ ಹವ್ಯಾಸಿ ತಂಡಗಳ ಆಟಗಳು ಇನ್ನೂ ಕಡಿಮೆ ದರದಲ್ಲಿ, ಕೆಲವು ಸಲ ಉಚಿತವಾಗಿ ಸಿಗುತ್ತವೆ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಿಂದಲೂ ಉಪನ್ಯಾಸ, ಸಂಗೀತ, ನೃತ್ಯಗಳನ್ನು ಪುಕ್ಕಟೆ ಉಣಬಡಿಸುತ್ತಿದೆ.

ಹುಣ್ಣಿಮೆ ರಾತ್ರಿ ಕಥೆಯೇ ಬೇರೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವುದು ನಡುರಾತ್ರಿಯ ಮೇಲೆ. ದ್ರೌಪದಿಯ ಶಕ್ತಿಯೆಂದು ತಿಗಳ ಸಮುದಾಯ ನಂಬುವ, ಮಲ್ಲಿಗೆಯಿಂದ ಮುಚ್ಚಿಹೋದ ಕರಗವನ್ನು ಹೆಣ್ಣುಡುಗೆ ತೊಟ್ಟ ಪೂಜಾರಿ ತಲೆಯ ಮೇಲೆ ಹೊತ್ತು, ಕೈಯಲ್ಲಿ ಹಿಡಿಯದೆ ನಡೆಯುತ್ತಾರೆ. ಸುತ್ತ ಅಲಗು ಹಿಡಿದ ವೀರಕುಮಾರರು, ಅವರ ಬಾಯಲ್ಲಿ ಗೋವಿಂದನ ಘೋಷ. ಎರಡು ದಿನ ಮೊದಲು ನಡೆಯುವ ಹಸಿ ಕರಗ ಎಂಬ ವಿಧಿ ಇಂದಿಗೂ ಸಂಪಂಗಿ ಕೆರೆಯ ನಂಟು ಬಿಟ್ಟಿಲ್ಲ. ಕೆರೆಯ ಬಹುಭಾಗ ಈಗ ಕಂಠೀರವ ಕ್ರೀಡಾಂಗಣ. ಮೆರವಣಿಗೆ ಪೇಟೆಯ ಗಲ್ಲಿಗಳಲ್ಲಿ ಸುತ್ತಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಬೇರೆ ಬೇರೆ ದೇವಸ್ಥಾನಗಳ ಹೂವಿನ ಪಲ್ಲಕ್ಕಿಗಳು, ವಾಲಗ, ತಮಟೆ, ಅಂಗಡಿ ಜಗಲಿಗಳಲ್ಲಿ ಕಾಯುತ್ತ ಕೂತ ಸಂಸಾರಗಳು. ಇದಕ್ಕೆ ಟಿಕೆಟ್ಟೂ ಇಲ್ಲ, ಮುಂದಿನ ಸಾಲೂ ಇಲ್ಲ. ಚಿಕ್ಕ ಮಕ್ಕಳನ್ನು ದೇವಸ್ಥಾನದ ಬಾಗಿಲಿನ ನೂಕುನುಗ್ಗಲಿಗೆ ಒಯ್ಯುವ ಬದಲು ದಾರಿಯಲ್ಲಿ ಮುಂದೆಲ್ಲಾದರೂ ಎತ್ತರದ ಜಗಲಿ ಹಿಡಿಯುವುದು ಲೇಸು.

ಇಷ್ಟು ಹೊಗಳಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. ಮೇಲೆ ಬಂದ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಹೆಚ್ಚಿನವು ಹಳೆಯ ಊರಿನಲ್ಲೇ ಬೀಳುತ್ತವೆ. ಪೇಟೆ, 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, ಪ್ಲೇಗಿನ ಕಾಲದಲ್ಲಿ ತಲೆಯೆತ್ತಿದ ಬಸವನಗುಡಿ ಮತ್ತು ಮಲ್ಲೇಶ್ವರ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನಂಥ, ಬಹುಪಾಲು ಕಾರ್ಯಕ್ರಮಗಳಿಗೆ ದುಡ್ಡು ಕೇಳದ ಜಾಗಗಳು ಪೂರ್ವದ ಕಡೆ ಕೆಲವೇ. ವೈಟ್‌ಫೀಲ್ಡಿನ ಬಾಡಿಗೆ ಮನೆಯಿಂದ ಚಾಮರಾಜಪೇಟೆಗೆ ಬರುವವರಿಗೆ ಕಚೇರಿ ಉಚಿತ, ಕ್ಯಾಬು ದುಬಾರಿ. ಹೊರವರ್ತುಲ ರಸ್ತೆಯಾಚೆ ಅಪಾರ್ಟ್‌ಮೆಂಟುಗಳು ಎದ್ದಷ್ಟು ಬೇಗ ರಂಗಮಂದಿರಗಳು ಏಳಲಿಲ್ಲ, ಏಳಬೇಕೆಂದು ಕೇಳಿದವರೂ ಕಡಿಮೆ.

ಸದ್ಯಕ್ಕೆ ಇರುವ ಉಪಾಯ ಮೆಟ್ರೊ ಮತ್ತು ಬಸ್ಸು. ಕೋಟೆ ಶಾಲೆಗೆ ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ ಹತ್ತಿರ. ತಿಂಡಿಬೀದಿಗೂ ಗಾಂಧಿಬಜಾರಿಗೂ ನ್ಯಾಷನಲ್ ಕಾಲೇಜು ನಿಲ್ದಾಣ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದರಿಂದ ಸಂಜೆಯ ಕಚೇರಿಗೆ ಹೊರಡುವ ಅತ್ತೆ, ಸೊಸೆ, ಮೊಮ್ಮಗಳಿಗೆ ಹೋಗಿಬರುವ ಖರ್ಚು ಸೊನ್ನೆ. ಕಚೇರಿ ಮುಗಿಯುವ ಹೊತ್ತು ಮತ್ತು ಕೊನೆಯ ರೈಲಿನ ಹೊತ್ತು ಎರಡನ್ನೂ ಮೊದಲೇ ನೋಡಿಕೊಂಡಿರಬೇಕು. ಮಂಗಳ ಹಾಡುವವರೆಗೂ ಕೂರುವ ಹಠದವರು ಮುಖ್ಯವಾಗಿ.

ಹೋಗುವವರಿಗೆ ಇನ್ನೊಂದು ಮಾತು. ಪೆಂಡಾಲಿನ ಬಾಗಿಲ ಬಳಿ ಸಣ್ಣ ಮೇಜು, ಅದರ ಮೇಲೊಂದು ರಸೀದಿ ಪುಸ್ತಕ, ಹಿಂದೆ ಸಮಿತಿಯ ಹಿರಿಯರೊಬ್ಬರು ಕೂತಿರುತ್ತಾರೆ. ಅವರು ಯಾರನ್ನೂ ತಡೆದು ಕೇಳುವುದಿಲ್ಲ. ಪಾನಕ ಕುಡಿದು, ಮೂರು ಗಂಟೆ ಸಂಗೀತ ಕೇಳಿ ಹೊರಡುವಾಗ ಅಲ್ಲಿ ನಿಂತು ಐವತ್ತೋ ನೂರೋ ಬರೆಸಿ ಬನ್ನಿ. ಮುಂದಿನ ವರ್ಷದ ಬೆಲ್ಲ ಬರುವುದು ಆ ದುಡ್ಡಿನಿಂದಲೇ.