ಅರಬ್ ದೇಶಗಳ ಏಳಿಗೆಯೂ ಅದರ ಗಣನೆಯೂ

ಅರಬ್ಬೀ ಭಾಷೆಯಲ್ಲಿ ಎಣಿಕೆಗೆ 'ಇಹ್ಸಾ' ಎಂದು ಹೆಸರು. ಸಣ್ಣ ಕಲ್ಲು ಅಥವಾ ಹರಳು ಎಂಬ ಅರ್ಥವುಳ್ಳ 'ಹಸಾ' ಎಂಬ ಮಾತಿನಿಂದ ಇದು ಬಂದಿತೆಂದೂ, ಪೂರ್ವದ ಅರಬರು ಹರಳುಗಳನ್ನಿಟ್ಟು ಎಣಿಸುತ್ತಿದ್ದುದೇ ಇದಕ್ಕೆ ಕಾರಣವೆಂದೂ ಆ ಭಾಷೆಯ ನಿಘಂಟುಕಾರರು ಹೇಳುವರು. ಜನಸಂಖ್ಯೆ, ಆದಾಯ, ವಿದ್ಯೆ, ಆರೋಗ್ಯ ಮುಂತಾದುವುಗಳ ಅಂಕಿ ಅಂಶಗಳ ಶಾಸ್ತ್ರಕ್ಕೂ ಈಗ ಅದೇ ಹೆಸರು ನಿಂತಿದೆ. ಕನ್ನಡ ನಾಡಿನಲ್ಲಿ ಜನಗಣತಿಗೆ ಹಿಂದೆ ಬಳಕೆಯಲ್ಲಿದ್ದ 'ಖಾನೇಷುಮಾರಿ' ಎಂಬ ಪಾರಸಿ ಮಾತಿಗೆ ಮನೆಗಳ ಎಣಿಕೆ ಎಂದು ಅರ್ಥ. ಎಣಿಸುವವನು ಯಾವುದನ್ನು ಹರಳಾಗಿ ಇಡುತ್ತಾನೆ, ಯಾವ ಮನೆಯ ಬಾಗಿಲಿಗೆ ಹೋಗುತ್ತಾನೆ ಎಂಬುದರ ಮೇಲೆಯೇ ಲೆಕ್ಕದ ಫಲವು ನಿಂತಿದೆಯೆಂಬುದು ಈ ಎರಡು ಹೆಸರುಗಳಿಂದಲೂ ವಿಶದವಾಗುತ್ತದೆ. ಅರಬ್ ದೇಶಗಳ ಆರ್ಥಿಕ ಮತ್ತು ಸಾಮಾಜಿಕ ಏಳಿಗೆಯನ್ನು ಅಳೆದ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಈ ದೇಶಗಳ ಒಕ್ಕೂಟವಾದ ಅರಬ್ ಲೀಗು ೧೯೪೫ರ ಮಾರ್ಚಿಯಲ್ಲಿ ಕೈರೋ ನಗರದಲ್ಲಿ ಹುಟ್ಟಿತು. ಈಗ ಅದರಲ್ಲಿ ೨೨ ಸದಸ್ಯರಿರುವರು. ಪಶ್ಚಿಮ ಏಷ್ಯದ ಆರ್ಥಿಕ ಸ್ಥಿತಿಗತಿಗಳನ್ನು ಪರಿಶೀಲಿಸುವುದಕ್ಕಾಗಿ ಸಂಯುಕ್ತ ರಾಷ್ಟ್ರಸಂಸ್ಥೆಯು ೧೯೭೩ರಲ್ಲಿ ಒಂದು ಆಯೋಗವನ್ನು ಏರ್ಪಡಿಸಿ, ಬೈರೂತಿನಲ್ಲಿ ಅದರ ಕಚೇರಿಯನ್ನು ಇಟ್ಟಿತು. ಲೆಬನಾನಿನ ಅಂತರ್ಯುದ್ಧದ ಕಾಲದಲ್ಲಿ, ೧೯೮೨ರಲ್ಲಿ, ಆ ಕಚೇರಿಯು ಬಾಗ್ದಾದಿಗೂ, ಕೊಲ್ಲಿಯ ಯುದ್ಧದಿಂದಾಗಿ ೧೯೯೧ರಲ್ಲಿ ಅಮ್ಮಾನಿಗೂ ಹೋಗಿ, ೧೯೯೭ರಲ್ಲಿ ಬೈರೂತಿಗೆ ಹಿಂದಿರುಗಿತು. ಅಳೆಯುವವರಿಗೇ ನೆಲೆಯಿಲ್ಲದ ಕಡೆ ಅಳತೆಯ ಕೆಲಸ ಎಷ್ಟು ದುಸ್ತರವೆಂಬುದನ್ನು ಇದರಿಂದ ಊಹಿಸಬಹುದು.

ಬಹುಕಾಲದವರೆಗೆ ದೇಶದ ಏಳಿಗೆಯನ್ನು ತಲಾ ಆದಾಯವೊಂದರಿಂದಲೇ ನಿರ್ಣಯಿಸುತ್ತಿದ್ದರು. ಎಣ್ಣೆಯ ಬಾವಿಗಳುಳ್ಳ ದೇಶಗಳ ವಿಷಯದಲ್ಲಿ ಈ ಕ್ರಮವು ತೀರ ಸಾಲದು; ಅಲ್ಲಿ ಹಣವು ಮೊದಲು ಬಂದು, ವಿದ್ಯೆಯೂ ಆರೋಗ್ಯವೂ ಹಿಂದೆ ಉಳಿಯಬಹುದು. ೧೯೯೦ರಲ್ಲಿ ಮಹಬೂಬ್ ಉಲ್ ಹಕ್ ಎಂಬ ಅರ್ಥಶಾಸ್ತ್ರಜ್ಞರು ಅಮರ್ತ್ಯ ಸೇನರ ನೆರವಿನಿಂದ ಆಯುಸ್ಸು, ವಿದ್ಯೆ, ಆದಾಯ ಎಂಬ ಮೂರನ್ನೂ ಕೂಡಿಸಿದ ಮಾನವಾಭಿವೃದ್ಧಿ ಸೂಚಿಯನ್ನು ಆಚರಣೆಗೆ ತಂದರು. ಈ ಅಳತೆಗೋಲು ಕೆಲವು ದೇಶಗಳ ನಿಜವಾದ ಸಾಧನೆಯನ್ನು ಬೆಳಕಿಗೆ ತಂದಿತು. ಒಮಾನಿನಲ್ಲಿ ೧೯೭೦ರಲ್ಲಿ ಇದ್ದ ವಿಧಿಯುಕ್ತ ಶಾಲೆಗಳು ಮೂರೇ. ಓದುತ್ತಿದ್ದವರು ಸುಮಾರು ೯೦೦ ಬಾಲಕರು. ಅಲ್ಲಿಂದ ನಲವತ್ತು ವರ್ಷಗಳಲ್ಲಿ ಅತ್ಯಂತ ಹೆಚ್ಚಾಗಿ ಮುಂದುವರಿದ ದೇಶವು ಒಮಾನೇ ಎಂದು ೨೦೧೦ರ ಜಾಗತಿಕ ವರದಿಯು ನಿರ್ಣಯಿಸಿತು.

೨೦೦೨ರಲ್ಲಿ ಅರಬ್ ವಿದ್ವಾಂಸರೇ ಸೇರಿ ತಮ್ಮ ದೇಶಗಳ ಸ್ಥಿತಿಯನ್ನು ಕುರಿತು ಒಂದು ವರದಿಯನ್ನು ರಚಿಸಿದರು. ಈಜಿಪ್ತಿನ ನಾದಿರ್ ಫರ್ಗಾನಿಯವರು ಅದರ ಮುಖ್ಯ ಲೇಖಕರು. ಸ್ವಾತಂತ್ರ್ಯ, ಸ್ತ್ರೀಯರ ಅಧಿಕಾರ, ಜ್ಞಾನ ಎಂಬ ಮೂರು ವಿಷಯಗಳಲ್ಲಿ ಅರಬ್ ಸಮಾಜವು ಕೊರತೆಗೊಳಗಾಗಿದೆಯೆಂದು ಅದು ನಿಷ್ಠುರವಾಗಿ ಹೇಳಿತು. ೧೯೯೯ರಲ್ಲಿ ಅರಬ್ ದೇಶಗಳೆಲ್ಲದರ ಒಟ್ಟು ಉತ್ಪನ್ನವು ಸ್ಪೇನ್ ದೇಶವೊಂದರ ಉತ್ಪನ್ನಕ್ಕಿಂತಲೂ ಕಡಮೆಯಾಗಿತ್ತೆಂಬ ಅದರ ಮಾತು ಎಲ್ಲೆಲ್ಲಿಯೂ ಚರ್ಚೆಗೆ ಬಂದಿತು.

ಅದೇ ವರದಿಯ ಮತ್ತೊಂದು ಸಂಖ್ಯೆ ಸಾಹಿತ್ಯಾಭ್ಯಾಸಿಗಳು ಗಮನಿಸತಕ್ಕದ್ದು. ಅರಬ್ಬೀ ಭಾಷೆಗೆ ವರ್ಷಕ್ಕೆ ಸುಮಾರು ೩೩೦ ಗ್ರಂಥಗಳು ಮಾತ್ರ ಅನುವಾದವಾಗುತ್ತವೆಂದೂ, ಇದು ಗ್ರೀಸ್ ದೇಶದ ಅನುವಾದಗಳ ಐದರಲ್ಲೊಂದು ಪಾಲೆಂದೂ ಅಲ್ಲಿ ಹೇಳಿತ್ತು. ಲೇಖನದಿಂದ ಲೇಖನಕ್ಕೆ ಹಾರಿದ ಈ ಸಂಖ್ಯೆಯ ಆಧಾರವು ಬಹು ದುರ್ಬಲವೆಂದು ತರುವಾಯದ ವಿಮರ್ಶಕರು ತೋರಿಸಿದರು. ಕೊರತೆಯು ಇಲ್ಲವೆಂದು ಇದರಿಂದ ಸಿದ್ಧವಾಗದು. ಆದರೆ ಪಾಠಾಂತರಗಳನ್ನು ಪರೀಕ್ಷಿಸುವಂತೆಯೇ ಸಂಖ್ಯೆಯ ಮೂಲವನ್ನೂ ಪರೀಕ್ಷಿಸಬೇಕೆಂಬುದು ಸಿದ್ಧವಾಗುತ್ತದೆ.

ಕೆಲವೆಡೆ ಗಣತಿಯೇ ರಾಜಕೀಯ ಪ್ರಶ್ನೆಯಾಗಿದೆ. ಲೆಬನಾನಿನಲ್ಲಿ ಕೊನೆಯ ಸಂಪೂರ್ಣ ಜನಗಣತಿ ನಡೆದುದು ೧೯೩೨ರಲ್ಲಿ, ಫ್ರೆಂಚರ ಆಡಳಿತದಲ್ಲಿ. ಕ್ರೈಸ್ತರಿಗೂ ಇತರರಿಗೂ ಶಾಸನಸಭೆಯ ಸ್ಥಾನಗಳನ್ನು ಆರಕ್ಕೆ ಐದರಂತೆ ಹಂಚುವುದಕ್ಕೆ ಅದೇ ಆಧಾರವಾಯಿತು. ೧೯೮೯ರ ತಾಯಿಫ್ ಒಪ್ಪಂದದಿಂದ ಹಂಚಿಕೆ ಸಮವಾದರೂ, ಹೊಸ ಗಣತಿಯನ್ನು ನಡೆಸಲು ಯಾರೂ ಧೈರ್ಯಮಾಡಲಿಲ್ಲ. ಇರಾಕಿನಲ್ಲಿ ೧೯೯೭ರ ಗಣತಿಯು ಉತ್ತರದ ಕುರ್ದಿ ಪ್ರಾಂತಗಳನ್ನು ಒಳಗೊಂಡಿರಲಿಲ್ಲ. ೧೯೮೭ರ ಬಳಿಕ ಇಡೀ ದೇಶದ ಗಣತಿ ನಡೆದುದು ೨೦೨೪ರ ನವೆಂಬರಿನಲ್ಲಿ. ಆಗ ಮತವನ್ನು ಕೇಳಿದರೇ ಹೊರತು ಪಂಗಡವನ್ನಾಗಲಿ ಜನಾಂಗವನ್ನಾಗಲಿ ಕೇಳಲಿಲ್ಲ. ಯಮನಿನ ಹಿಂದಿನ ಗಣತಿಯು ೨೦೦೪ರದು. ಅದಾದ ಮೇಲೆ ಬಂದ ಯುದ್ಧದಲ್ಲಿ ಚದರಿಹೋದ ಜನರ ಹಸಿವನ್ನು ಅಂದಾಜಿನಿಂದಲೇ ಅಳೆಯಬೇಕಾಗಿದೆ.

ಗಣತಿಯು ಕ್ರಮವಾಗಿ ನಡೆಯುತ್ತಿದ್ದ ದೇಶದಲ್ಲಿಯೂ ಅಳತೆಯು ಮೋಸಮಾಡಬಹುದೆಂಬುದಕ್ಕೆ ತುನೀಸಿಯವು ಸಾಕ್ಷಿ. ಶಾಲೆಗಳು, ರಸ್ತೆಗಳು, ಸ್ತ್ರೀವಿದ್ಯೆ ಇವುಗಳಿಗಾಗಿ ಆ ದೇಶವನ್ನು ಹೊರಗಿನವರು ಹೊಗಳುತ್ತಿದ್ದರು. ೨೦೦೫ರ ಅಧಿಕೃತ ಲೆಕ್ಕದಂತೆ ಬಡವರು ಶೇಕಡಾ ೩.೮ ಮಾತ್ರ. ೨೦೧೦ರ ಡಿಸೆಂಬರ್ ೧೭ರಂದು ಸೀದಿ ಬೂಜೀದ್ ಎಂಬ ಒಳನಾಡಿನ ಊರಿನಲ್ಲಿ ಮುಹಮ್ಮದ್ ಬೂಅಜೀಜಿ ಎಂಬ ತಳ್ಳುಗಾಡಿಯ ವ್ಯಾಪಾರಿಯು ಅಧಿಕಾರಿಗಳ ಕಿರುಕುಳದಿಂದ ನೊಂದು ಮೈಗೆ ಬೆಂಕಿ ಹಚ್ಚಿಕೊಂಡನು. ಒಂದು ತಿಂಗಳೊಳಗೆ ಅಧ್ಯಕ್ಷ ಬೆನ್ ಅಲಿಯು ದೇಶಬಿಟ್ಟು ಓಡಿದನು. ಅನಂತರ ಅಲ್ಲಿಯ ಅಂಕಿ ಅಂಶ ಸಂಸ್ಥೆಯು ಬಡತನದ ಗೆರೆಯನ್ನು ಹೊಸ ಕ್ರಮದಿಂದ ಎಳೆಯಲು, ೨೦೧೦ರ ಬಡವರ ಪ್ರಮಾಣ ಶೇಕಡಾ ೧೫.೫ ಎಂದು ತಿಳಿದುಬಂದಿತು. ರಾಜಧಾನಿಯ ಸುತ್ತ ಹತ್ತರಲ್ಲಿ ಒಬ್ಬನೂ ಬಡವನಲ್ಲದಿರಲು, ಸೀದಿ ಬೂಜೀದ್ ಸೇರಿದ ಮಧ್ಯಪಶ್ಚಿಮ ಭಾಗದಲ್ಲಿ ಸುಮಾರು ಮೂವರಲ್ಲೊಬ್ಬನು ಬಡವನಾಗಿದ್ದನು. ಸರಾಸರಿಯು ಕರಾವಳಿಯ ಸುಖದಲ್ಲಿ ಒಳನಾಡಿನ ದುಃಖವನ್ನು ಮುಚ್ಚಿಬಿಟ್ಟಿತ್ತು.

ಕೊಲ್ಲಿಯ ದೇಶಗಳ ತೊಡಕು ಬೇರೆಯ ಬಗೆಯದು. ಕತಾರಿನಲ್ಲಿಯೂ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿಯೂ ನಿವಾಸಿಗಳಲ್ಲಿ ಬಹುಮಂದಿ ಪರದೇಶದವರು; ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ ಹೋದ ಕನ್ನಡ ನಾಡಿನವರೂ ಅವರಲ್ಲಿ ಸೇರಿರುವರು. ತಲಾ ಆದಾಯವನ್ನು ಕಾಣುವಾಗ ಕೂಲಿಗಾರನನ್ನೂ ಒಂದು ತಲೆಯಾಗಿ ಎಣಿಸುವರು. ಆದರೆ ಫಲವಾಗಿ ಬರುವ ದೊಡ್ಡ ಸಂಖ್ಯೆಗೂ ಅವನ ಸಂಬಳಕ್ಕೂ ಸಂಬಂಧವಿಲ್ಲ. ಜೀವನಮಟ್ಟದ ಪರಿಶೀಲನೆಯು ಸಂಸಾರವನ್ನು ಮೂಲಮಾನವಾಗಿ ಇಟ್ಟುಕೊಂಡಾಗ, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಶಿಬಿರದಲ್ಲಿ ಹತ್ತಾರು ಜನರೊಡನೆ ವಾಸಿಸುವವನು ಅದರೊಳಗೆ ಸುಲಭವಾಗಿ ಸೇರುವುದಿಲ್ಲ. ಮನೆಗಳ ಎಣಿಕೆಯಲ್ಲಿ ಮನೆಯಿಲ್ಲದವನು ಬಿಟ್ಟುಹೋಗುತ್ತಾನೆ.

ಮೇಲಿನ ವಿಚಾರಗಳಿಂದ ಅಂಕಿಗಳು ವ್ಯರ್ಥವೆಂದು ತಿಳಿಯತಕ್ಕದ್ದಲ್ಲ. ಒಮಾನಿನ ಸಾಧನೆಯೂ ತುನೀಸಿಯದ ಒಳನಾಡಿನ ಬಡತನವೂ ಅಂಕಿಗಳಿಂದಲೇ ಸ್ಪಷ್ಟವಾದುವು. ಆದರೆ ಗಣನೆಯನ್ನು ಮಾಡಿದವರು ಯಾರು, ಯಾವ ವರ್ಷದಲ್ಲಿ, ಯಾರನ್ನು ಹೊರಗೆ ಬಿಟ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಅದನ್ನು ಪ್ರಮಾಣವಾಗಿ ಅಂಗೀಕರಿಸುವುದು ಯುಕ್ತ. ಲೆಕ್ಕಕ್ಕೆ ಬಾರದವನ ಕಷ್ಟವು ಪರಿಹಾರದ ಯೋಜನೆಯಲ್ಲಿಯೂ ಸೇರದೆ ಹೋಗುವುದರಿಂದ, ಈ ಪರೀಕ್ಷೆಯು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದುದಲ್ಲ.