ಹಳೇ ಗಾಲಿ, ಡ್ರಮ್ಮಿಗೆ ಹಬ್ಬದ ಬಣ್ಣ

ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುವ ನಮಗೆ ಬ್ರಷ್ ಹಿಡಿಯೋದು ಹೊಸದಲ್ಲ. ಆದರೆ ಕೋಡಿನ ಬಣ್ಣ ಎಂಟು ದಿನ ಇದ್ದರೆ ಸಾಕು. ಆಗಸ್ಟ್ 15ಕ್ಕೆ ಶಾಲೆ ಮುಂದೆ ಇಡುವ ಗಾಲಿ, ಡ್ರಮ್ಮು ವರ್ಷಗಟ್ಟಲೆ ಮಳೆ ಬಿಸಿಲಿಗೆ ನಿಲ್ಲಬೇಕು. ಇದು ತಿಳಿಯದೆ ನಾನು ಮೊದಲ ಸಲ ಪೂರಾ ಕೆಟ್ಟೆ.

ನಮ್ಮದು ಸವಣೂರು ತಾಲೂಕಿನ ಹತ್ತಿಮತ್ತೂರು. ಮಳೆ ನಂಬಿದ ಹೊಲ. ಟೈರಿನ ಗಾಡಿ, ಅದರ ಹಿಂದೆ ಟ್ರ್ಯಾಕ್ಟರ್ ಬಂದ ಮೇಲೆ ಚಕ್ಕಡಿಯ ಕಟ್ಟಿಗೆ ಗಾಲಿಗಳು ಹಿತ್ತಲು ಸೇರಿದವು. ರಾಶಿ ಮಶಿನ್ ಬಂತು, ಹಂತಿ ನಿಂತಿತು, ಕಣದ ರೋಣಗಲ್ಲು ಮೂಲೆಗೆ ಬಿತ್ತು. ಇವನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. 2012ರಲ್ಲಿ ಹುಡುಗರ ಶಾಲೆಯ ಅಂಗಳ ಸಿಂಗರಿಸೋಣ ಅಂತ ಎರಡು ಎಣ್ಣೆ ಡ್ರಮ್ಮು, ಒಂದು ಟ್ರ್ಯಾಕ್ಟರ್ ಟೈರು ಹೊರಗೆ ತೆಗೆದೆ.

ಆಗಸ್ಟ್ 13ಕ್ಕೆ ಶುರು ಮಾಡಿದೆ. ಜಿಟಿಜಿಟಿ ಮಳೆ ಇತ್ತು. ತುಕ್ಕನ್ನು ಗೋಣಿಚೀಲದಿಂದ ಒರೆಸಿ ಅದರ ಮೇಲೇ ಕೇಸರಿ, ಬಿಳಿ, ಹಸಿರು ಹೊಡೆದೆ. ಟೈರಿನ ಮೈಮೇಲೆ ನೀಲಿ ಚಕ್ರ ಬೇರೆ ಬರೆದೆ. ಹದಿನೈದಕ್ಕೆ ನೋಡಲು ಚಂದ ಇತ್ತು. ಹುಡುಗರು ಟೈರಿನ ಮೇಲೆ ಹತ್ತಿ ಕೂತು ಕಾಲು ಇಳಿಬಿಟ್ಟರು. ನಮ್ಮೂರಲ್ಲಿ ಮಿಲಿಟರಿಯಿಂದ ನಿವೃತ್ತಿಯಾಗಿ ಬಂದ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಕಾಕಾ ಅಂತೀವಿ. ಅವರು ನನ್ನ ಬದಿಗೆ ಕರೆದು, "ತಮ್ಮಾ, ಇದನ್ನ ನಾವು ತಲೀ ಮ್ಯಾಲ ಹೊತ್ತಿದ್ದು. ನೀ ಹುಡುಗರ ಕಾಲಾಗ ತಂದು ಇಟ್ಟೀಯಲ್ಲೋ" ಅಂದರು. ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅವತ್ತು ಸಂಜೆಯೇ ಚಕ್ರದ ಮೇಲೆ ಬಿಳಿ ಬಳಿದೆ.

ಆಮೇಲೆ ಓದಿಸಿ ಕೇಳಿದೆ. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ ಕಾಯ್ದೆ 1971ರಿಂದ ಇದೆ. ಅದರಲ್ಲಿ ಬಾವುಟ ಅಂದರೆ ಬಟ್ಟೆ ಮಾತ್ರ ಅಲ್ಲ. ಯಾವ ವಸ್ತುವಿನ ಮೇಲೆ ಬರೆದ ಚಿತ್ರವೂ, ಅದರ ಒಂದು ಭಾಗವೂ ಬಾವುಟವೇ. ಬೇಕಂತಲೇ ಅವಮಾನ ಮಾಡಿದರೆ ಮೂರು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. 2002ರ ಧ್ವಜ ಸಂಹಿತೆ ಬಾವುಟವನ್ನು ತೋರಣದಂತೆ ಅಲಂಕಾರಕ್ಕೆ ಬಳಸಬಾರದು, ನೆಲಕ್ಕೆ ತಾಗಿಸಬಾರದು ಅನ್ನುತ್ತದೆ. ನನ್ನ ಮನಸ್ಸಲ್ಲಿ ಅವಮಾನ ಇರಲಿಲ್ಲ, ಖರೆ. ಆದರೂ ಮಣ್ಣು ತುಂಬಿ ನೆಲದ ಮೇಲಿಡುವ ಟೈರಿನ ಮೇಲೆ ಬಾವುಟ ಬರೆಯೋದು ತಪ್ಪೇ.

ಅದಕ್ಕೆ ಈಗ ಒಂದು ಸಾಮಾನಿಗೆ ಒಂದೇ ಬಣ್ಣ. ಒಂದು ಡ್ರಮ್ಮು ಕೇಸರಿ, ಒಂದು ಬಿಳಿ, ಒಂದು ಹಸಿರು, ನಡುವೆ ಅಂತರ ಬಿಟ್ಟು ಗಿಡ ಇಟ್ಟು ನಿಲ್ಲಿಸುತ್ತೇನೆ. ಚಕ್ರ ಎಲ್ಲೂ ಇಲ್ಲ. ಕಟ್ಟಿಗೆ ಗಾಲಿಗೇ ನೀಲಿ ಹಚ್ಚಿ ಅಶೋಕ ಚಕ್ರ ಮಾಡೋಣ ಅಂತ ಹುಡುಗರು ಗಂಟುಬಿದ್ದಿದ್ದರು. ಚಕ್ರಕ್ಕೆ ಅರೆ 24 ಇರಬೇಕು, ನಮ್ಮ ಗಾಲಿಗೆ ಇರೋದು 12, ಎಣಿಸಿ ನೋಡ್ರಿ ಅಂದೆ. ಸುಮ್ಮನಾದರು. ನಿಜವಾದ ಬಾವುಟ ಕಂಬದ ಮೇಲೆ ಒಂದೇ ಇರಲಿ. ಅದನ್ನು ತಯಾರಿಸುವ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ನಮಗೆ ಹತ್ತಿರದ ಹುಬ್ಬಳ್ಳಿಯಲ್ಲೇ ಇದೆ, 1957ರಲ್ಲಿ ಶುರುವಾದದ್ದು.

ಇನ್ನು ಬಣ್ಣದ ಮಾತು. 2012ರ ಡ್ರಮ್ಮು ದಸರಾ ಹೊತ್ತಿಗೇ ಹೊಪ್ಪಳಿಕೆ ಎದ್ದು ಸುಲಿಯಿತು. ಒಳಗೆ ತುಕ್ಕು ಬೆಳೆಯುತ್ತಲೇ ಇತ್ತು. ಕಬ್ಬಿಣಕ್ಕೆ ತಂತಿ ಬ್ರಷ್ ಹಾಕಿ ಉಜ್ಜಿ, ಆಮೇಲೆ ಎಮರಿ ಪೇಪರ್ ಹಿಡಿದು, ಕೈಯಾಡಿಸಿದರೆ ಕೆಂಪು ಪುಡಿ ಹತ್ತಬಾರದು, ಅಲ್ಲೀತನಕ ಉಜ್ಜಬೇಕು. ಜಿಡ್ಡಿದ್ದರೆ ಸೋಡಾ ನೀರಲ್ಲಿ ತೊಳೆದು ಒಣಗಿಸಿ. ಮೊದಲು ರೆಡ್ ಆಕ್ಸೈಡ್ ಒಂದು ಕೈ. ಮರುದಿನ ಬಿಳಿ ಒಂದು ಕೈ. ಇದನ್ನು ಎಲ್ಲರೂ ಬಿಡುತ್ತಾರೆ. ರೆಡ್ ಆಕ್ಸೈಡ್ ಮೇಲೆ ನೇರ ಕೇಸರಿ ಹೊಡೆದರೆ ಇಟ್ಟಂಗಿ ಬಣ್ಣ ಕಾಣುತ್ತದೆ. ಬಿಳಿಯ ಮೇಲೆ ಹೊಡೆದರೆ ಹೊಳೆಯುತ್ತದೆ. ಅದರ ಮೇಲೆ ಬೇಕಾದ ಬಣ್ಣ ತೆಳ್ಳಗೆ ಎರಡು ಕೈ, ಒಂದೊಂದಕ್ಕೂ ಒಂದು ದಿನ ಬಿಡಿ.

ಬಣ್ಣ ಎಷ್ಟು ಬೇಕು? 200 ಲೀಟರ್ ಡ್ರಮ್ಮಿನ ಹೊರಮೈ ಸುಮಾರು 17 ಚದರ ಅಡಿ. ಎರಡು ಕೈಗೆ 34 ಆಯ್ತು. ಒಂದು ಲೀಟರ್ ಎನಾಮೆಲ್ ನುಣುಪು ಮೈಯಲ್ಲಿ 130 ಚದರ ಅಡಿಯಷ್ಟು ಹಿಡಿಯುತ್ತದೆ. ಅಂದರೆ ಡ್ರಮ್ಮಿಗೆ ಕಾಲು ಲೀಟರ್ ಸ್ವಲ್ಪ ಮೇಲೆ. ತಿಳಿಯದೆ ಲೀಟರ್ ಡಬ್ಬಿ ಮೂರು ಕೊಂಡರೆ ಉಳಿದದ್ದು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ.

ಹೊತ್ತು ಮುಖ್ಯ. ನಮ್ಮಲ್ಲಿ ಆಗಸ್ಟ್‌ನಲ್ಲಿ ಗಾಳಿಯಲ್ಲೇ ತೇವ. ಈ ಕೆಲಸ ಮೇ ತಿಂಗಳಲ್ಲಿ, ಬಿತ್ತನೆಗೆ ಮುಂಚೆ ಮುಗಿಸಿಡಿ. ಆಗಸ್ಟ್‌ಗೆ ಒರೆಸಿ ಇಟ್ಟರಾಯ್ತು. ಜನವರಿ 26ಕ್ಕಾದರೆ ಚಿಂತೆಯಿಲ್ಲ, ಹವೆ ಒಣಗಿರುತ್ತದೆ.

ರೋಣಗಲ್ಲಿಗೆ ಎಣ್ಣೆ ಬಣ್ಣ ಬೇಡ. ಕಲ್ಲಿನ ಒಳಗಿನ ತೇವಕ್ಕೆ ಹಕ್ಕಳೆ ಏಳುತ್ತದೆ. ಸುಣ್ಣ ರಾತ್ರಿಯಿಡೀ ನೆನೆಸಿ, ಸೋಸಿ, ಒಂದು ಹಿಡಿ ಉಪ್ಪು ಹಾಕಿ ಬಳಿಯಿರಿ. ಕೆಮ್ಮಣ್ಣು ಕಲಸಿದರೆ ಕಾವಿ ಬರುತ್ತದೆ. ನೀರು ಹಾಕುವಾಗ ಸುಣ್ಣ ಕುದಿಯುತ್ತದೆ, ಕಣ್ಣು ಜೋಪಾನ. ಕಟ್ಟಿಗೆ ಗಾಲಿಯನ್ನು ನೆಲಕ್ಕೆ ಊರಬೇಡಿ, ಗೆದ್ದಲು ಹತ್ತುತ್ತದೆ. ಕೆಳಗೆ ಚಪ್ಪಡಿ ಕಲ್ಲಿಡಿ. ಟೈರಿನಲ್ಲಿ ನೀರು ನಿಂತರೆ ಡೆಂಗೆ ಹರಡುವ ಸೊಳ್ಳೆಗೆ ಮನೆ ಆಗುತ್ತದೆ. ಬಣ್ಣಕ್ಕೆ ಮೊದಲೇ ಅಡಿಯಲ್ಲಿ ತೂತು ಕೊರೆಯಿರಿ. ಔಷಧಿ ಹೊಡೆದ ಕ್ಯಾನು, ಡ್ರಮ್ಮು ಎಷ್ಟು ತೊಳೆದಿದ್ದರೂ ಶಾಲೆಗೆ ಒಯ್ಯಬೇಡಿ.

ಒಂದು ಬರೆಯಲೇಬೇಕು, ಬರೆಯಲು ಮನಸ್ಸಿಲ್ಲ. ಸುಲಿದ ಡ್ರಮ್ಮನ್ನು ಮರುವರ್ಷ ಹಿತ್ತಲಲ್ಲೇ ಕೆರೆದೆ. ಅಟ್ಟದ ಮೇಲಿದ್ದ ಬಹಳ ಹಳೆಯ ಬಣ್ಣದ ಡಬ್ಬಿಯನ್ನೂ ತೆರೆದು ಅಲ್ಲೇ ಬಿಟ್ಟೆ. ನಮ್ಮ ಆಕಳ ಕರು ಆ ಡಬ್ಬಿ ನೆಕ್ಕಿತು. ಎರಡು ದಿನದಲ್ಲಿ ಅದಕ್ಕೆ ಕಣ್ಣು ಕಾಣದಂತಾಯ್ತು. ಹಲ್ಲು ಕಡಿಯುತ್ತಾ ಗ್ವಾದಲಿಗೆ ತಲೆ ಒತ್ತಿ ನಿಲ್ಲುತ್ತಿತ್ತು. ದನದ ಡಾಕ್ಟರು ನೋಡಿ ಬಣ್ಣದ ಸೀಸದ ವಿಷ ಅಂದರು. ಉಳಿಯಲಿಲ್ಲ. ಎಂಟು ತಿಂಗಳ ಹೆಣ್ಣುಗರು. ನನ್ನ ಹೆಂಡತಿ ಇವತ್ತಿಗೂ ಆ ಮಾತು ಎತ್ತುವುದಿಲ್ಲ.

ಮನೆಬಳಕೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಿದರೆ ಮಾರುವಂತಿಲ್ಲ ಅನ್ನುವ ನಿಯಮ 2017ರ ನವೆಂಬರ್ 1ರಿಂದ ಬಂದಿದೆ. ಅದಕ್ಕೂ ಹಿಂದಿನ ಡಬ್ಬಿ ಮನೆಯಲ್ಲಿದ್ದರೆ ಬಳಸಬೇಡಿ. ಅಂಗಡಿಯಲ್ಲಿ ಮಶಿನ್ನಿಗೆ ಹೊಡೆಯುವ ಬಣ್ಣ ಕೊಟ್ಟರೆ ಬೇಡ ಅನ್ನಿ. ಡಬ್ಬಿ ಮೇಲೆ ಸೀಸ ಇಲ್ಲ ಅಂತ ಬರೆದಿದೆಯೇ, ಮಕ್ಕಳ ಕೈಲಿ ಓದಿಸಿ. ಹಳೆ ಬಣ್ಣ ಕೆರೆಯುವಾಗ ಮೈ ಒದ್ದೆ ಮಾಡಿ, ಕೆಳಗೆ ತಾಡಪತ್ರಿ ಹಾಸಿ, ಮೂಗಿಗೆ ಬಟ್ಟೆ ಕಟ್ಟಿ. ಬಿದ್ದದ್ದನ್ನು ತಿಪ್ಪೆಗೆ ಹಾಕಬೇಡಿ, ಅದು ಮತ್ತೆ ಹೊಲಕ್ಕೇ ಬರುತ್ತದೆ. ದನ, ಕೋಳಿ ಆ ಕಡೆ ಸುಳಿಯದಿರಲಿ.

2019ರ ಮೇ ತಿಂಗಳಲ್ಲಿ ಹೊಸದಾಗಿ ಮಾಡಿದ ಡ್ರಮ್ಮು, ಗಾಲಿ ಇವತ್ತಿಗೂ ಶಾಲೆ ಮುಂದಿವೆ. ನಡುವೆ ಒಮ್ಮೆ ಮಾತ್ರ ಮೇಲಿನ ಕೈ ಕೊಟ್ಟಿದ್ದೇನೆ. ಹಸಿರು ಡ್ರಮ್ಮಿನ ಹಿಂಬದಿ ಒಂದು ಗೇಣು ಸುಲಿದಿದೆ. ಗೋಡೆ ಕಡೆ ಬರುತ್ತದೆ, ಯಾರು ನೋಡ್ತಾರೆ ಅಂತ ಅಲ್ಲಿ ಸರಿಯಾಗಿ ಉಜ್ಜಿರಲಿಲ್ಲ.