ನಿಮಗಿದು ಗೊತ್ತೇ? ಎಡೆದೊರೆ ನಾಡಿಗೂ ಕಡಲ ಹಾಯಿಗೂ ಉಂಟು ನಂಟು

ಸಿಂಧನೂರು, ಲಿಂಗಸುಗೂರು, ಮಸ್ಕಿಯವರಿಗೆ ಕಡಲು ದೂರ. ಆದರೆ ಈ ಎಡೆದೊರೆ ನಾಡಿನ ಎರಡೂ ಹೊಳೆಗಳಾದ ಕೃಷ್ಣೆ ಮತ್ತು ತುಂಗಭದ್ರೆಯ ಮೂಲ ಇರುವುದು ಪಶ್ಚಿಮಘಟ್ಟದಲ್ಲಿ, ಅರಬ್ಬಿ ಸಮುದ್ರದ ಮಗ್ಗುಲಲ್ಲೇ. ಮಹಾಬಳೇಶ್ವರದ ಕೃಷ್ಣೆಯ ಮೂಲದಿಂದ ಆ ಕಡಲಿಗೆ ಸುಮಾರು 64 ಕಿ.ಮೀ. ಅಷ್ಟೇ. ಆದರೂ ಹೊಳೆ ಅದಕ್ಕೆ ಬೆನ್ನು ಹಾಕಿ, ಸುಮಾರು 1,400 ಕಿ.ಮೀ. ಹರಿದು, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮಸ್ಕಿ ಹಳ್ಳದ ನೀರು ತುಂಗಭದ್ರೆಗೆ ಬಿದ್ದು, ಅಲ್ಲಿಂದ ಕೃಷ್ಣೆಗೆ ಸೇರಿ, ಅದೇ ದಾರಿ ಹಿಡಿಯುತ್ತದೆ.

ಇಷ್ಟು ದೊಡ್ಡ ಹೊಳೆಯಲ್ಲಿ ಹಾಯಿದೋಣಿ ಯಾಕೆ ಓಡಲಿಲ್ಲ? ಲಿಂಗಸುಗೂರು ತಾಲ್ಲೂಕಿನ ಜಲದುರ್ಗಕ್ಕೆ ಹೋದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಅಲ್ಲಿ ಕೃಷ್ಣೆ ಸೀಳಿಕೊಂಡು ಕೋಟೆಯನ್ನು ನಡುಗಡ್ಡೆ ಮಾಡಿದ್ದಾಳೆ. ಆ ಭಾಗದಲ್ಲಿ ಮೂರು ಮೈಲಿಯ ಒಳಗೇ ಹೊಳೆ 400 ಅಡಿಯಷ್ಟು ಇಳಿಯುತ್ತದೆ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿದೆ. ಮಳೆಗಾಲದಲ್ಲಿ ಬಂಡೆಗಳ ನಡುವೆ ಸುಳಿ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಹಾಯಿ ಬಿಚ್ಚಲು ಬೇಕಾದ ಆಳವೂ ಇಲ್ಲ, ನೇರ ದಾರಿಯೂ ಇಲ್ಲ.

ಆದ್ದರಿಂದಲೇ ಹರಿಗೋಲು. ತಳ ಚಪ್ಪಟೆ, ಮೈ ಗುಂಡು. ತುಸು ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ತಿರುಗಿಕೊಂಡು ಮುಂದೆ ಹೋಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯಲ್ಲಿ ಇದನ್ನು ಕಂಡು ಬರೆದ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, 15–20 ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಹೆಣಿಗೆಯ ಮೈ ಮತ್ತು ಅಂಬಿಗನ ಕೈಯ ಹುಟ್ಟು ಹಾಗೇ ಉಳಿದಿವೆ. ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಯೂಫ್ರಟಿಸ್ ನದಿಯಲ್ಲೂ ಇಂಥದ್ದೇ ಗುಂಡನೆಯ ತೊಗಲು ದೋಣಿಗಳನ್ನು ವರ್ಣಿಸಿದ್ದಾನೆ. ಅಲ್ಲಿಯವರು ದೋಣಿಯಲ್ಲೇ ಕತ್ತೆಯನ್ನು ಕರೆದೊಯ್ಯುತ್ತಿದ್ದರು. ಬ್ಯಾಬಿಲೋನಿನಲ್ಲಿ ಸರಕು ಮಾರಿದ ಮೇಲೆ ದೋಣಿ ಬಿಚ್ಚಿ, ತೊಗಲನ್ನು ಕತ್ತೆಯ ಬೆನ್ನಿಗೆ ಹೇರಿ ಊರಿಗೆ ನಡೆಯುತ್ತಿದ್ದರು.

12ನೇ ಶತಮಾನದ ನಿಜಶರಣ ಅಂಬಿಗರ ಚೌಡಯ್ಯ ಹುಟ್ಟು ಹಾಕಿದ್ದೂ ತುಂಗಭದ್ರೆಯಲ್ಲೇ, ಹಾವೇರಿ ಜಿಲ್ಲೆಯ ಚೌಡದಾನಪುರದಲ್ಲಿ. ಜನವರಿ 21 ಅವನ ಜಯಂತಿ.

ಇನ್ನು ಕಡಲಿನ ಮಾತು. ರಾಯಚೂರಿಗಾಗಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾನೂ 1520ರಲ್ಲಿ ಕಾದಾಡಿದರಲ್ಲ, ಆ ಯುದ್ಧದ ಬೆನ್ನೆಲುಬು ಹಾಯಿ ಹಡಗಿನಲ್ಲಿ ಬಂದಿತ್ತು. ಅದು ಕುದುರೆ. ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ನಿಂದ ಮಾರುತದ ಗಾಳಿ ಹಿಡಿದು ಬಂದ ಹಡಗುಗಳು ಭಟ್ಕಳ, ಗೋವೆಗಳಲ್ಲಿ ಕುದುರೆ ಇಳಿಸುತ್ತಿದ್ದವು. ವರ್ಷಕ್ಕೆ 13,000 ಕುದುರೆಗಳನ್ನು ವಿಜಯನಗರದ ಅರಸ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಬರಹಗಾರ ನುನಿಜ್ ಬರೆದಿದ್ದಾನೆ. ಅದಕ್ಕೂ ಹಿಂದಿನ ಅರಸ ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಸಂಗತಿ ಇನ್ನೂ ಸೋಜಿಗದ್ದು: ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯಷ್ಟೇ ಹಣ ಸಿಗುತ್ತಿತ್ತು. ಕಡಲ ದಾರಿಯ ನಷ್ಟವನ್ನು ರಾಜನೇ ಹೊತ್ತರೆ ವ್ಯಾಪಾರಿ ಮುಂದಿನ ವರ್ಷವೂ ಬರುತ್ತಾನೆ ಎಂಬ ಲೆಕ್ಕ ಇದರ ಹಿಂದೆ ಇದ್ದಿರಬೇಕು.

ಕುದುರೆ ಮಾರಲು ಬಂದಿದ್ದ ಕ್ರಿಸ್ತೊವಾವ್ ದ ಫಿಗೇರೆದು ಮತ್ತು ಅವನ ಜೊತೆಗಿದ್ದ ಸುಮಾರು 20 ಪೋರ್ಚುಗೀಸರು ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಕೋವಿ ಹಿಡಿದು ರಾಯನ ಪರ ನಿಂತರು. ಸೋತ ಆದಿಲ್ ಶಾನ ದಂಡಿನಲ್ಲಿ ಕೃಷ್ಣೆಯ ಪಾಲಾದವರು ಬಹಳ.

ಕಡಲ ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಸಿಕ್ಕ ಶಾಸನ ಅಶೋಕನನ್ನು ಹೆಸರಿಟ್ಟು ಹೇಳಿತು. ಅದೇ ಅಶೋಕನ ಮಗಳು ಸಂಘಮಿತ್ರೆ ತಾಮ್ರಲಿಪ್ತಿ ಬಂದರಿನಿಂದ ಬೋಧಿಯ ಕೊಂಬೆಯೊಂದಿಗೆ ಸಿಂಹಳಕ್ಕೆ ಹಡಗೇರಿದಳು ಎನ್ನುತ್ತದೆ ಮಹಾವಂಶ.

ಕುದುರೆ ಇಳಿಯುತ್ತಿದ್ದ ಆ ಕರಾವಳಿಗುಂಟ ಒಂಟಿಯಾಗಿ ಹೋಗುವುದು ಹಿಂದೆ ಅಪಾಯದ ಕೆಲಸ. 16–17ನೇ ಶತಮಾನದಲ್ಲಿ ಕಡಲ್ಗಳ್ಳರಿಗೆ ಅಂಜಿ ಸಣ್ಣ ಹಾಯಿದೋಣಿಗಳು ಗುಂಪುಗೂಡಿ, ಕಾವಲು ಹಡಗುಗಳ ಜೊತೆ ಸಾಗುತ್ತಿದ್ದವು. ಆ ಗುಂಪಿಗೆ ‘ಕಾಫಿಲಾ’ ಎಂದೇ ಹೆಸರು. ಬಸರೂರು, ಮಂಗಳೂರು, ಹೊನ್ನಾವರಗಳ ಅಕ್ಕಿ ಹೀಗೆಯೇ ಗೋವೆ ಮುಟ್ಟುತ್ತಿತ್ತು. ಆ ಅಕ್ಕಿ ಬರದಿದ್ದರೆ ಗೋವೆಯಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಕಡಲ ಮೇಲೇ ಬಂದ. ಆ ತಿರುಗಾಟದಲ್ಲೇ ಉಳ್ಳಾಲದ ರಾಣಿಯನ್ನೂ ಮಾತಾಡಿಸಿದ. ಅವನ ಪತ್ರಗಳಲ್ಲಿ ಅಂದಿನ ಕನ್ನಡ ಕರಾವಳಿ ಊರೂರಾಗಿ ಸಿಗುತ್ತದೆ. 

ಈ ಹಾಯಿದೋಣಿಗಳ ಗಾಳಿಯ ಲೆಕ್ಕ ಸರಳ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಗಲು ನೆಲ ಕಾದಾಗ ಅದು ತಿರುಗುತ್ತದೆ. ಬೆಳಗಿನ ಜಾವದ ಗಾಳಿಗೆ ದಡ ಬಿಟ್ಟು, ಮಧ್ಯಾಹ್ನದ ಗಾಳಿಯಲ್ಲಿ ದಡದಗುಂಟ ಓಡುವುದು ಹಾಯಿಯವರ ಕ್ರಮ. ಮುಂಗಾರಿನಲ್ಲಿ ದೋಣಿ ಮೇಲೆಳೆದು ಕಾಯುತ್ತಿದ್ದರು.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು ಹೊತ್ತ ‘ಮಂಜಿ’ ಎಂಬ ಸರಕು ದೋಣಿಗಳು ಈಗಲೂ ಹೋಗುತ್ತವೆ, ಹಾಯಿಯ ಬದಲು ಎಂಜಿನ್ ಹಾಕಿಕೊಂಡು. ಲಕ್ಷದ್ವೀಪದ ಅಮೀನ್‌ದೀವಿ ದ್ವೀಪಗಳ ಆಡಳಿತ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದಾಗಿತ್ತು.

ಎಂಜಿನ್ ಇಲ್ಲದ ಹಡಗು ಮುಗಿದ ಕಥೆ ಎನ್ನಬೇಡಿ. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ಕ್ಕೆ ಮಾದರಿ ಅಜಂತಾ ಗುಹೆಯ ಚಿತ್ರ. ಹಲಗೆಗಳನ್ನು ಕೂಡಿಸಿದ್ದು ತೆಂಗಿನ ನಾರಿನ ಹುರಿಯ ಹೊಲಿಗೆಯಿಂದ. ಹಾಯಿಯ ಮೇಲೆ ಇರುವುದು ಕರ್ನಾಟಕದ ಲಾಂಛನವೂ ಆದ ಗಂಡಭೇರುಂಡ. 2025ರ ಕೊನೆಗೆ ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಅದು ಮಸ್ಕತ್ ಮುಟ್ಟಿತು.

ಅದಕ್ಕೂ ಮೊದಲು ‘ತಾರಿಣಿ’ ಎಂಬ 55 ಅಡಿಯ ಹಾಯಿದೋಣಿಯಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಲ್ಲಿ ಗೋವೆ ಬಿಟ್ಟರು. 254 ದಿನಗಳ ಬಳಿಕ, 2018ರ ಮೇ 21ರಂದು, ಭೂಮಿ ಸುತ್ತಿ ಮರಳಿದರು.

ಮತ್ತೆ ಎಡೆದೊರೆ ನಾಡಿಗೆ ಬರೋಣ. ಸಿಂಧನೂರಿನವರಿಗೆ ಆರ್.ಎಚ್. ಕ್ಯಾಂಪುಗಳು ಗೊತ್ತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ನೆಲ ಕೊಟ್ಟು ನೆಲೆ ಮಾಡಿದ ಊರುಗಳವು. ಮನೆಬಾಗಿಲಿನಿಂದಲೇ ದೋಣಿ ಹತ್ತುವ ನಾಡಿನವರು ಎರೆಭೂಮಿಗೆ ಬಂದು, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದರು. ದುರ್ಗಾಪೂಜೆಗೆ ಅಲ್ಲಿ ಇಂದಿಗೂ ಡೊಳ್ಳಿನಂಥ ಢಾಕ್ ಬಡಿಯುತ್ತಾರೆ.

ಇತ್ತ ಕೃಷ್ಣೆಯ ದಡದಲ್ಲಿ ದೋಣಿ ಇಂದಿಗೂ ಬೇಕು. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಕರಕಲಗಡ್ಡಿ, ಮಾದರಗಡ್ಡಿಯಂಥ ನಡುಗಡ್ಡೆಗಳ ಜನ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಔಷಧ, ರೇಷನ್, ಹೆರಿಗೆ ನೋವು, ಯಾವುದಕ್ಕೂ ಹೊಳೆ ಕಾಯುವುದಿಲ್ಲ. ಪಾಯೆಸ್ ಕಂಡ ಹರಿಗೋಲು ಇಲ್ಲಿ ಪ್ರವಾಸಿಗರ ಮೋಜಿನ ಸವಾರಿಯಲ್ಲ. ಈ ಗಡ್ಡಿಗಳಿಗೆ ನೆರೆಗೆ ಮುಳುಗದ ಎತ್ತರದ ಸೇತುವೆ ಬೇಕು. ಅದು ಆಗುವವರೆಗೆ ಪ್ರತಿ ಗಡ್ಡಿಯಲ್ಲೂ ಜೀವರಕ್ಷಕ ಜಾಕೆಟ್ ಇರುವ ಗಟ್ಟಿ ದೋಣಿಯೊಂದು ಮಳೆಗಾಲಕ್ಕೆ ಮೊದಲೇ ಬಂದು ನಿಲ್ಲಬೇಕು.